ಕರೆಯದೇ ಬಂದ ಸಾಥಿ

ಕಳೆದ ಫೋನು ಹುಡುಕೋಕೆ, ಮೋಸದ ಕರೆಯ ದೂರು ಕೊಡೋಕೆ ಅಂತ ಕೇಂದ್ರ ಸರ್ಕಾರ ಮಾಡಿದ ಸಂಚಾರ ಸಾಥಿ ಆ್ಯಪ್ ಹೊಸ ಫೋನುಗಳಲ್ಲಿ ಕಡ್ಡಾಯವಲ್ಲ ಅಂದಾಗ ನನಗೆ ಸ್ವಲ್ಪ ಬೇಜಾರೇ ಆಯ್ತು. ಡಬ್ಬಿಯಲ್ಲಿ ಚಾರ್ಜರ್ ಕೂಡ ಕೊಡದ ಕಾಲ ಇದು. ಸರ್ಕಾರವೋ ಪುಕ್ಕಟೆಯಾಗಿ ಒಬ್ಬ ಜೊತೆಗಾರನನ್ನೇ ಕೂರಿಸಿ ಕಳಿಸುವುದರಲ್ಲಿತ್ತು. 2025ರ ನವೆಂಬರ್ 28ರ ಆದೇಶ, ಹೊಸ ಫೋನುಗಳಲ್ಲಿ ಅದನ್ನು ಮೊದಲೇ ಹಾಕಿ ಮಾರೋಕೆ ಕಂಪನಿಗಳಿಗೆ 90 ದಿನ ಗಡುವು. ಇದು ಜನರ ಫೋನಿಗೆ ಇಣುಕೋ ದಾರಿ ಅಂತ ಗಲಾಟೆ ಜಾಸ್ತಿಯಾದ ಮೇಲೆ ಟೆಲಿಕಾಂ ಸಚಿವರು ‘ಬೇಡವಾದರೆ ಅಳಿಸಿಕೊಳ್ಳಿ’ ಅಂದರು. ಡಿಸೆಂಬರ್ 3ಕ್ಕೆ ಕಡ್ಡಾಯವೇ ಹೋಯ್ತು. ಕಾರಣ ಓದಿದಿರಾ? ಜನ ತಾವಾಗೇ ಆ್ಯಪ್ ಒಪ್ಪಿಕೊಳ್ಳುತ್ತಿದ್ದಾರಂತೆ, ಹಾಗಾಗಿ ಕಡ್ಡಾಯ ಬೇಡವಂತೆ. ಜಟ್ಟಿ ಬಿದ್ದ, ಮೀಸೆಗೆ ಮಾತ್ರ ಒಂದು ಚೂರು ಮಣ್ಣಿಲ್ಲ.

90 ಅಂದಕೂಡಲೇ ಹಳೇದೊಂದು ನೆನಪಾಯ್ತು. 2015ರ ಸೆಪ್ಟೆಂಬರಿನಲ್ಲಿ ಸರ್ಕಾರ ತಂದ ಎನ್‌ಕ್ರಿಪ್ಷನ್ ನೀತಿಯ ಕರಡು. ಎನ್‌ಕ್ರಿಪ್ಷನ್ ಅಂದರೆ ಬೇರೆಯವರು ಓದಲಾಗದಂತೆ ಮೆಸೇಜಿಗೆ ಹಾಕುವ ಬೀಗ. ಬೀಗ ಹಾಕಿ ಕಳಿಸಿದ ಮೆಸೇಜಿನ ಬೀಗವಿಲ್ಲದ ಪ್ರತಿಯನ್ನು ನಾವೇ 90 ದಿನ ಇಟ್ಟುಕೊಂಡು, ಪೊಲೀಸರು ಕೇಳಿದಾಗ ತೋರಿಸಬೇಕಿತ್ತು. ‘ಬರ್ತಾ ಹೆಪ್ಪಿಗೆ ಮಜ್ಜಿಗೆ ತನ್ನಿ’ ಅಂತ ಹೆಂಡತಿ ಕಳಿಸಿದ್ದನ್ನೂ ಸೇರಿಸಿ. ಮೊಸರೇ ಮೂರನೇ ದಿನಕ್ಕೆ ಹುಳಿಯಾಗುತ್ತೆ, ಮಾತು ಮಾತ್ರ ಮೂರು ತಿಂಗಳು ಕೆಡಬಾರದು! ಮಜ್ಜಿಗೆ ಮರೆತು ‘ಮೆಸೇಜ್ ನೋಡಲೇ ಇಲ್ಲ ಕಣೇ’ ಅಂದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯಾ?

ನಮ್ಮಪ್ಪ ಕರೆಂಟ್ ಬಿಲ್ಲು, ನೀರಿನ ಬಿಲ್ಲುಗಳನ್ನೆಲ್ಲ ಒಂದು ಕೊಕ್ಕೆ ತಂತಿಗೆ ಚುಚ್ಚಿ ಬಾಗಿಲ ಹಿಂದೆ ನೇತುಹಾಕುತ್ತಿದ್ದರು. ತಳದ ಚೀಟಿಗಳ ತೂತಿನ ಸುತ್ತ ತುಕ್ಕಿನ ಕಲೆ. ಅಲ್ಲಿಂದ ಯಾವ ಬಿಲ್ಲೂ ಬೇಕಾದಾಗ ಸಿಕ್ಕಿದ್ದಿಲ್ಲ. ಮೆಸೇಜಿಗೂ ಅಂಥದ್ದೊಂದು ತಂತಿ ಬೇಕಾಗುತ್ತಿತ್ತೇನೋ. ಮೊದಲು ವಾಟ್ಸ್‌ಆ್ಯಪ್‌, ಫೇಸ್‌ಬುಕ್‌ಗೆಲ್ಲ ವಿನಾಯಿತಿ ಅಂದರು. ಆಮೇಲೆ ಆ ಕರಡೂ ವಾಪಸ್.

ವಾಪಸ್ ತಗೊಂಡಾಗಲೆಲ್ಲ ನಾವು ಗೆದ್ದೆವು ಅಂತ ಚಪ್ಪಾಳೆ ತಟ್ಟುತ್ತೇವೆ. ಮನೆಗೆ ನುಗ್ಗಿದವನು ನಾಯಿ ಬೊಗಳಿತು ಅಂತ ಹೊರಟರೆ ಅವನಿಗೆ ಥ್ಯಾಂಕ್ಸ್ ಹೇಳಬೇಕಾ?

ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ಮೇಲೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದಿಸಿತು. 2017ರಲ್ಲಿ ಒಂಬತ್ತಕ್ಕೆ ಒಂಬತ್ತೂ ನ್ಯಾಯಮೂರ್ತಿಗಳು ಹಕ್ಕೇ ಅಂದರು. ನಾಲ್ಕು ವರ್ಷ ಕಳೆದು ಅದೇ ಕೋರ್ಟ್ ‘ಫೋನಿನೊಳಗೆ ನುಸುಳಿ ಕದ್ದು ನೋಡೋ ಪೆಗಾಸಸ್ ತಂತ್ರಾಂಶ ಬಳಸಿದಿರೋ ಇಲ್ಲವೋ’ ಅಂತ ಕೇಳಿದರೆ, ದೇಶದ ಭದ್ರತೆ, ಹೇಳೋಕಾಗಲ್ಲ ಅಂದರು ಸರ್ಕಾರದವರು. ಕೋರ್ಟೇ ನೇಮಿಸಿದ ಸಮಿತಿಗೂ ಸಹಕಾರ ಕೊಡಲಿಲ್ಲ.

ನನ್ನ ಮಜ್ಜಿಗೆ ಲೆಕ್ಕ ಅವರಿಗೆ ಬೇಕು. ಹೌದು, ಇಲ್ಲ ಅನ್ನೋ ಒಂದು ಪದ ನಮಗೆ ಕೊಡೋಕಾಗಲ್ಲ. ಹೋಗ್ಲಿ ಬಿಡಿ, ನಗೋಕೂ ಸಾಕಾಗಿದೆ.