ಒಂದು ದಿನದ ಕೂಲಿ, ದೂರದ ಶಾಲೆ

ನಾರ್ವೆಯ ಶಾಲಾ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಅಕ್ಟೋಬರ್ ಕೊನೆಯಲ್ಲಿ ಅಥವಾ ನವೆಂಬರ್ ಆರಂಭದಲ್ಲಿ, ಒಂದು ದಿನ ಪಾಠ ಬಿಟ್ಟು ದುಡಿಯಲು ಹೋಗುತ್ತಾರೆ. ನೆರೆಮನೆಯ ಅಂಗಳದಲ್ಲಿ ಉದುರಿದ ಎಲೆ ಒಟ್ಟುಮಾಡುವುದು, ಬೇಲಿಗೆ ಬಣ್ಣ ಹಚ್ಚುವುದು, ಅಂಗಡಿಯಲ್ಲಿ ಸಾಮಾನು ಜೋಡಿಸುವುದು, ಕೇಕ್ ಮಾಡಿ ಮಾರುವುದು ಹೀಗೆ ಸಿಕ್ಕಿದ ಕೆಲಸ ಮಾಡಿ, ಬಂದ ಕೂಲಿಯನ್ನು ಬೇರೊಂದು ದೇಶದ ಯುವಜನರ ಓದಿಗೆ ಕೊಡುತ್ತಾರೆ. 'ಒಪೆರಾಶೂನ್ ದಾಗ್ಸ್‌ವೆರ್ಕ್' ಎಂಬ ಈ ಅಭಿಯಾನ ಅಲ್ಲಿ 1964ರಿಂದ ನಡೆದುಬಂದಿದೆ.

ನನಗೆ ಇದರಲ್ಲಿ ಹಣಕ್ಕಿಂತ ಮುಖ್ಯವೆನಿಸುವುದು ಅದರ ಹಿಂದಿನ ಕ್ರಮ. ಯಾವ ಯೋಜನೆಗೆ ನೆರವು ಹೋಗಬೇಕೆಂಬುದನ್ನು ವಿದ್ಯಾರ್ಥಿ ಪ್ರತಿನಿಧಿಗಳೇ ತಮ್ಮ ರಾಷ್ಟ್ರೀಯ ಸಭೆಯಲ್ಲಿ ಮತ ಹಾಕಿ ನಿರ್ಧರಿಸುತ್ತಾರೆ. ದುಡಿಯುವ ದಿನಕ್ಕೆ ಮೊದಲು ಶಾಲೆಗಳಲ್ಲಿ ಆ ದೇಶದ ಬಗ್ಗೆ, ಅಲ್ಲಿನ ಮಕ್ಕಳು ಓದಿನಿಂದ ದೂರ ಉಳಿಯಲು ಕಾರಣವೇನೆಂಬುದರ ಬಗ್ಗೆ ಪಾಠ, ಚರ್ಚೆಗಳು ನಡೆಯುತ್ತವೆ. ಹದಿನಾರರ ಹುಡುಗಿಯೊಬ್ಬಳು ಕೈಯಲ್ಲಿ ಕುಂಚ ಹಿಡಿಯುವ ಹೊತ್ತಿಗೆ ತನ್ನ ಕೂಲಿ ಯಾರಿಗೆ, ಏಕೆ ಸಲ್ಲುತ್ತದೆ ಎಂಬುದು ಅವಳಿಗೆ ತಿಳಿದಿರುತ್ತದೆ. ನೆರವು ಪಡೆಯುವ ದೇಶದಲ್ಲಿ ಪಾಠ ಹೇಳುವ ಕೆಲಸವಂತೂ ಆ ನೆಲದ ಶಿಕ್ಷಕರದ್ದೇ.

ಇದಕ್ಕೆ ವಿರುದ್ಧವಾದ ದಾರಿಯನ್ನೂ ನಾವು ಕಂಡಿದ್ದೇವೆ. ರಜೆಯಲ್ಲಿ ಎರಡು ವಾರ ಪರದೇಶಕ್ಕೆ ಹೋಗಿ, ಭಾಷೆ ಬಾರದ ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಫೋಟೊ ತೆಗೆಸಿಕೊಂಡು ಮರಳುವ ಪ್ರವಾಸಗಳು ಇಂದು ದೊಡ್ಡ ವ್ಯಾಪಾರ. ಕಾಂಬೋಡಿಯಾದಲ್ಲಿ ಇಂಥ ಸಂದರ್ಶಕರ ಹಣ ಅನಾಥಾಲಯಗಳು ಹೆಚ್ಚಲು ಒಂದು ಕಾರಣವಾಯಿತು; ಅಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ಒಳ್ಳೆಯ ಮನಸ್ಸಿನಿಂದ ಹೋದ ವಿದ್ಯಾರ್ಥಿಗಳ ಹಣ ಮಕ್ಕಳನ್ನು ಮನೆಯಿಂದಲೇ ಬೇರ್ಪಡಿಸುವುದಕ್ಕೆ ಬಳಕೆಯಾಯಿತೆಂಬುದು ನನ್ನನ್ನು ಬಹಳ ಕಾಡಿದೆ.

ನಾರ್ವೆಯಲ್ಲೇ 1961ರಲ್ಲಿ ಹುಟ್ಟಿದ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ 'ಸಾಯಿಹ್' ಎಂಬ ನಿಧಿಯೂ ಇದೆ. ವಿದ್ಯಾರ್ಥಿಗಳು ಸೆಮಿಸ್ಟರ್ ಶುಲ್ಕದ ಜೊತೆಗೆ ಇಷ್ಟವಿದ್ದರೆ ಕೊಡುವ ಸಣ್ಣ ಮೊತ್ತ ಅದಕ್ಕೆ ಆಧಾರ. ಬೊಲಿವಿಯಾ, ಜಿಂಬಾಬ್ವೆಯಂಥ ದೇಶಗಳಲ್ಲಿ ಶಿಕ್ಷಣಕ್ಕಾಗಿ ದುಡಿಯುವ ಸ್ಥಳೀಯ ಸಂಘಟನೆಗಳಿಗೆ ಅದು ನೆರವಾಗಿದೆ. ಚಳಿಯಲ್ಲಿ ನಡುಗುವ ನಾರ್ವೆಯವರಿಗೆ ಆಫ್ರಿಕಾದ ಜನ ಹೀಟರ್ ದಾನ ಮಾಡುವಂತೆ ಕಲ್ಪಿಸಿದ ವಿಡಿಯೊವನ್ನು ಈ ಸಂಸ್ಥೆ 2012ರಲ್ಲಿ ಹೊರತಂದು, ಬಡತನವನ್ನಷ್ಟೇ ತೋರಿಸಿ ಹಣ ಎತ್ತುವ ಜಾಹೀರಾತುಗಳನ್ನು ನೇರವಾಗಿ ಪ್ರಶ್ನಿಸಿತು. ದೇಣಿಗೆ ಕೇಳುವ ಸಂಸ್ಥೆಯೇ ಇಂಥ ಪ್ರಶ್ನೆ ಎತ್ತಿದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ಮಾತು.

ಒಂದು ದಿನದ ಕೂಲಿಯ ಆ ಅಭಿಯಾನದಲ್ಲಿ ಪ್ರತಿ ವರ್ಷ ಹೊಸ ಯೋಜನೆ ಆರಿಸುವ ಪದ್ಧತಿಯ ಬಗ್ಗೆ ಮಾತ್ರ ನನಗೆ ಅಳುಕಿದೆ, ಏಕೆಂದರೆ ಸಮುದಾಯದ ಶಾಲೆಯೊಂದು ನಿಲ್ಲುವುದು ಶಿಕ್ಷಕರಿಗೆ ತಿಂಗಳು ತಿಂಗಳೂ ಸಿಗುವ ಸಂಬಳದ ಮೇಲೆ. ಆದ್ದರಿಂದ ಮಕ್ಕಳನ್ನು ಪರದೇಶದ ಸೇವಾ ಪ್ರವಾಸಕ್ಕೆ ಕಳಿಸಲು ಯೋಚಿಸುತ್ತಿರುವ ನಮ್ಮ ಪೋಷಕರಲ್ಲಿ ನನ್ನದೊಂದು ಕೋರಿಕೆ: ಆ ವಿಮಾನದ ಟಿಕೆಟ್ಟಿನ ದುಡ್ಡಿನಲ್ಲಿ ಅಲ್ಲಿಯ ಶಿಕ್ಷಕಿಯೊಬ್ಬರಿಗೆ ಎಷ್ಟು ತಿಂಗಳ ಸಂಬಳ ಕೊಡಬಹುದೆಂದು ಸಂಘಟಕರನ್ನು ಒಮ್ಮೆ ಕೇಳಿ ನೋಡಿ.