ಎ1, ಎ2 ಹಾಲು: ಆ ಫಾರ್ವರ್ಡ್ ಬಗ್ಗೆ ಸ್ಪಷ್ಟನೆ

ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಪ್ಯಾಕೆಟ್ ಹಾಲೆಲ್ಲ ಎ1, ಕುಡಿದರೆ ಸಕ್ಕರೆ ಕಾಯಿಲೆ ಗ್ಯಾರಂಟಿ.’ ಇದು ಸರಿಯಲ್ಲ.

ಹಾಲಿನ ಬೀಟಾ-ಕೇಸಿನ್ ಪ್ರೋಟೀನ್‌ನಲ್ಲಿ ಅದನ್ನು ಕಟ್ಟುವ 209 ಅಮೈನೋ ಆಮ್ಲಗಳು ಸಾಲಾಗಿ ಇವೆ. 67ನೆಯದು ಪ್ರೋಲಿನ್ ಆದರೆ ಎ2, ಹಿಸ್ಟಿಡಿನ್ ಆದರೆ ಎ1. ಇದನ್ನು ತೀರ್ಮಾನಿಸುವುದು ಹಸುವಿನ ಜೀನ್, ನಾಟಿ ಹಸುವಿನ ಗುರುತಾದ ಬೆನ್ನ ಮೇಲಿನ ಡುಬ್ಬ ಅಲ್ಲ. ಹಳ್ಳಿಕಾರ್‌ನಂಥ ನಾಟಿ ತಳಿಗಳಲ್ಲಿ ಎ2 ಜಾಸ್ತಿ, ನಿಜ. ಆದರೆ ಎಷ್ಟೋ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಹಸುಗಳೂ ಎ2 ಹಾಲನ್ನೇ ಕೊಡುತ್ತವೆ. ಎಮ್ಮೆ ಹಾಲೂ ಎ2. ಮೆಸೇಜ್‌ನಲ್ಲಿ ಪಾಪ, ಎಮ್ಮೆಯ ಸುದ್ದಿಯೇ ಇಲ್ಲ!

ಎ1 ಜೀರ್ಣವಾಗುವಾಗ ಬಿಸಿಎಂ-7 ಎಂಬ ಪೆಪ್ಟೈಡ್ (ಪ್ರೋಟೀನ್‌ನ ಚಿಕ್ಕ ತುಣುಕು) ಹುಟ್ಟುತ್ತದೆ. ಎ1 ಹಾಲಿನಿಂದ ಕಾಯಿಲೆ ಬರಬಹುದೆಂಬ ಅನುಮಾನ ಶುರುವಾಗಿದ್ದು ಅಲ್ಲಿಂದ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಪರಿಶೀಲಿಸಿ, ಇದರಿಂದ ಕಾಯಿಲೆ ಬರುತ್ತದೆಂದು ಸಾಬೀತಾಗಿಲ್ಲ ಎಂದಿತು. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಎ1, ಎ2 ಎರಡರಲ್ಲೂ ಇದೆ. ಅದು ಆಗದವರು ಎ2 ಹಾಲಿಗೆ ಸುಮ್ನೆ ದುಡ್ಡು ಸುರಿಯಬೇಡಿ.