ಹೊಟ್ಟೆ ಮೇಲಿನ ರಂಗೋಲಿ

ಅಭಿಮಾನಿಯ ಫೋನಿನಲ್ಲಿ ತಂಡದ ಪುಟ ತೆರೆಯಲಿ ಎಂದು ಜೆರ್ಸಿ ಮೇಲೆ ಹಾಕಿಸಿದ ಕ್ಯೂಆರ್ ಕೋಡ್ ಕಂಡ ಕೂಡಲೇ ನಮ್ಮ ಕಡೆ ಬರುವ ಮೊದಲ ಪ್ರಶ್ನೆ: ‘ಎಷ್ಟು ಹಾಕ್ಲಿ?’ ಎಳನೀರಿನ ಗಾಡಿಯಿಂದ ದೇವಸ್ಥಾನದ ಹುಂಡಿಯವರೆಗೆ ಈ ಚೌಕ ಕಂಡಲ್ಲೆಲ್ಲ ದುಡ್ಡು ಕೊಟ್ಟೇ ಅಭ್ಯಾಸ. ಅಭಿಮಾನಿ ಪಾಪ ಪೇಮೆಂಟ್ ಆ್ಯಪ್ ತೆರೆದು ಹಿಡಿಯುತ್ತಾನೆ. ಆ್ಯಪ್ ಇದು ನನ್ನ ಜಾತಿಯ ಕೋಡಲ್ಲ ಎಂದು ಮುಖ ತಿರುಗಿಸುತ್ತದೆ. ಹಾಗಾಗಿ ಕೋಡಿನ ಕೆಳಗೆ ‘ಕ್ಯಾಮೆರಾದಲ್ಲಿ ನೋಡಿ, ದುಡ್ಡು ಬೇಡ’ ಎಂದೊಂದು ಸಾಲು ಅಚ್ಚು ಹಾಕಿಸಿಬಿಡಿ. ಬೇರೆಲ್ಲ ತಂತ್ರಜ್ಞಾನ ಅದರ ಆಮೇಲೆ.

ಅಂಗಿಯನ್ನೇ ಫೋನಿನ ಜೊತೆ ಮಾತಾಡಿಸುವ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಅಮೆರಿಕದ ಬಾಸ್ಕೆಟ್‌ಬಾಲಿನವರು. 2017ರ ಸೆಪ್ಟೆಂಬರಿನಲ್ಲಿ ನೈಕಿ ಹೊರತಂದ ಎನ್‌ಬಿಎ ಅಭಿಮಾನಿ ಜೆರ್ಸಿಗಳಲ್ಲಿ, ಕೆಳ ಅಂಚಿನ ಎಡಗಡೆಯ ಲೇಬಲ್ಲಿನೊಳಗೆ ಎನ್‌ಎಫ್‌ಸಿ ಚಿಪ್ ಇತ್ತು, ಅಂದರೆ ಫೋನ್ ಹತ್ತಿರ ಹಿಡಿದರೆ ಅಲೆಯ ಮೂಲಕ ಓದಿಸಿಕೊಳ್ಳುವ ಚಿಪ್. ಆ್ಯಪ್ ತೆರೆದು ಫೋನ್ ತಾಗಿಸಿದರೆ ಆಟಗಾರನ ವಿಡಿಯೊ, ಅವನ ಮೆಚ್ಚಿನ ಹಾಡುಗಳು, ಒಂದಿಷ್ಟು ಕೊಡುಗೆಗಳು ಸಿಗುತ್ತಿದ್ದವು. ಆದರೆ ಐಫೋನ್ ಇದ್ದವರಿಗೆ 7 ಅಥವಾ ಅದಕ್ಕಿಂತ ಹೊಸದು ಬೇಕಿತ್ತು, ಅದರಲ್ಲಿ ಐಒಎಸ್ 11 ಇರಬೇಕಿತ್ತು. ಅಂಗಿ ಕೊಂಡವನು ಫೋನನ್ನೂ ಕೊಳ್ಳಬೇಕಾದ ಯೋಗ.

ಎನ್‌ಎಫ್‌ಸಿಯ ದೊಡ್ಡ ಫಜೀತಿ ಎಂದರೆ ಅದಕ್ಕೆ ಎಟುಕುವುದು ನಾಲ್ಕೇ ಸೆಂಟಿಮೀಟರ್. ಐಫೋನಿನಲ್ಲಿ ಆಂಟೆನಾ ಮೇಲ್ತುದಿಯಲ್ಲಿದೆ, ಹಲವು ಆ್ಯಂಡ್ರಾಯ್ಡ್‌ಗಳಲ್ಲಿ ಬೆನ್ನಿನ ನಡುಭಾಗದಲ್ಲಿ. ಇದು ಗೊತ್ತಿಲ್ಲದವರು ಸ್ಟೇಡಿಯಮ್ಮಿನಲ್ಲಿ ನಿಂತು ಫೋನಿನಿಂದ ಸೊಂಟ ಉಜ್ಜಿಕೊಳ್ಳುತ್ತಿದ್ದರೆ, ಪಕ್ಕದವರು ಅಮೃತಾಂಜನ ಬೇಕಾ ಎಂದು ಕೇಳುವುದು ಸಹಜವೇ. ಉಜ್ಜಬಾರದು, ಆಂಟೆನಾ ಇರುವ ಜಾಗವನ್ನು ಲೇಬಲ್ಲಿಗೆ ಒತ್ತಿ ಒಂದು ಸೆಕೆಂಡು ಸುಮ್ಮನಿರಬೇಕು. ಫೋನಿನ ಬೆನ್ನಿಗೆ ಲೋಹದ ಉಂಗುರ ಅಂಟಿಸಿದ್ದರೆ ಅಲೆ ಒಳಗೆ ಹೋಗುವುದೇ ಕಷ್ಟ. ಇನ್ನು ಫ್ಲಿಪ್ ಕವರಿನಲ್ಲಿ ಮೆಟ್ರೊ ಕಾರ್ಡ್ ಸಿಕ್ಕಿಸಿಕೊಂಡವರ ಪಾಡು ಬೇರೆ. ಅದೂ ಎನ್‌ಎಫ್‌ಸಿಯಂತೆ 13.56 ಮೆಗಾಹರ್ಟ್ಸ್ ಅಲೆಯದೇ. ಫೋನು ಮೊದಲು ಕೈಕುಲುಕುವುದು ಅದರ ಜೊತೆ.

ಚಿಪ್ ದುಬಾರಿ ಎಂದು ಕ್ಯೂಆರ್‌ಗೆ ಇಳಿದವರು ಅದನ್ನು ಹೊಟ್ಟೆಯ ಮೇಲೆಯೇ ಹಾಕಿಸುತ್ತಾರೆ, ಎದ್ದು ಕಾಣಲಿ ಅಂತ. ಕಾಣುತ್ತದೆ, ಓದಲು ಬರುವುದಿಲ್ಲ. ಜೆರ್ಸಿ ಬಟ್ಟೆ ಎಳೆದತ್ತ ಹಿಗ್ಗುತ್ತದೆ. ಅಂಗಡಿಯಲ್ಲಿ ಚೌಕವಾಗಿದ್ದ ಕೋಡ್ ಊಟದ ನಂತರ ಹಲಸಿನಹಣ್ಣಾಗುತ್ತದೆ, ಕೂತರೆ ಮಡಿಕೆಯೊಳಗೆ ಅರ್ಧ ಮುಳುಗುತ್ತದೆ. ಕಾಲರಿನ ಕೆಳಗೆ, ಎರಡು ಹೆಗಲೆಲುಬುಗಳ ನಡುವಿನ ಜಾಗವೇ ಮನುಷ್ಯನಲ್ಲಿ ಸ್ವಲ್ಪ ಸಪಾಟು. ಏಳೆಂಟು ಸೆಂಟಿಮೀಟರಿನ ಕೋಡ್ ಅಲ್ಲಿರಲಿ. ಸುತ್ತ ಕೋಡಿನದೇ ನಾಲ್ಕು ಚುಕ್ಕಿಯಷ್ಟು ಅಗಲ ಖಾಲಿ ಬಿಡಲೇಬೇಕು. ಪ್ರಾಯೋಜಕರ ಹೆಸರು ಅಲ್ಲಿಗೂ ನುಗ್ಗಲು ನೋಡುತ್ತದೆ, ಬಿಡಬೇಡಿ.

‘ಗ್ಯಾಲರಿಯಿಂದ ಸ್ಕ್ಯಾನ್ ಮಾಡಲಿ’ ಎನ್ನುವವರಿಗೆ ಒಂದು ಲೆಕ್ಕ: ದೂರದ ಹತ್ತನೇ ಒಂದು ಭಾಗದಷ್ಟಾದರೂ ಕೋಡ್ ಅಗಲವಿರಬೇಕು. 20 ಮೀಟರಿನಿಂದ ಓದಬೇಕೆಂದರೆ 2 ಮೀಟರಿನ ಕೋಡ್. ಅಷ್ಟು ಅಗಲದ ಫೀಲ್ಡರ್ ಸಿಕ್ಕರೆ ಕೋಡ್ ಯಾಕೆ, ಬೌಂಡರಿಯನ್ನೇ ಅವನಿಂದ ಮುಚ್ಚಿಸಬಹುದು.

ಬಣ್ಣದ ವಿಷಯಕ್ಕೆ ಬಂದರೆ ಬೆಂಗಳೂರಿನ ಅಭಿಮಾನಿಗಳಿಗೆ ಬೇಸರವಾದೀತು: ಕಪ್ಪಿನ ಮೇಲೆ ಕೆಂಪು ಬೇಡ. ನಮ್ಮ ಕಣ್ಣಿಗೆ ಅದು ಬೆಂಕಿ, ಕ್ಯಾಮೆರಾಕ್ಕೆ ಎರಡೂ ಬರೀ ಕತ್ತಲೆ. ಬಿಳಿ ತುಂಡಿನ ಮೇಲೆ ಕಪ್ಪು ಕೋಡ್, ಅಷ್ಟೇ.

ಕ್ಯೂಆರ್‌ಗೆ ‘ಎಚ್’ ಎಂಬ ರಕ್ಷಣೆಯ ಮಟ್ಟವಿದೆ. ಸುಮಾರು ಶೇ 30ರಷ್ಟು ಹಾಳಾದರೂ ಓದಿಸಿಕೊಳ್ಳುತ್ತದೆ. ಇದನ್ನು ನಂಬಿ ನಡುವೆ ದೊಡ್ಡ ಲೋಗೊ ಕೂರಿಸುವವರು ಬಹಳ. ಆದರೆ ಮೂರು ಮೂಲೆಗಳ ಚೌಕದ ಕಣ್ಣುಗಳಿಗೆ ಈ ವಿಮೆ ಇಲ್ಲ. ಒಂದು ಕಣ್ಣಿನ ಮೇಲೆ ಸಾಂಬಾರ್ ಬಿದ್ದರೂ ಫೋನು ತಡಕಾಡುತ್ತದೆ. ರಕ್ಷಣೆ ಹೆಚ್ಚಿದಷ್ಟೂ ಚುಕ್ಕಿಗಳು ಹೆಚ್ಚಿ ಸಣ್ಣಗಾಗುತ್ತವೆ, ಅದಕ್ಕೆ ವೆಬ್ ವಿಳಾಸ ಗಿಡ್ಡ ಇರಬೇಕು. ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲಿ 20 ಅಕ್ಷರದೊಳಗೆ ಮುಗಿಸಿದರೆ 25X25 ಚುಕ್ಕಿಯ ರಂಗೋಲಿಯಲ್ಲೇ ‘ಎಚ್’ ಮಟ್ಟ ಹಿಡಿಸುತ್ತದೆ. ಸಣ್ಣಕ್ಷರ ಬಳಸಿದರೆ 14ಕ್ಕೇ ಜಾಗ ಖಾಲಿ. ಆದರೆ ಕ್ಯಾಪಿಟಲ್ಲಿನಲ್ಲಿಯೂ ಪುಟ ತೆರೆಯುತ್ತದೆಯೇ ಎಂದು ಅಚ್ಚಿಗೆ ಮೊದಲೇ ನೋಡಿ. 500 ಅಂಗಿ ಬಂದಿಳಿದ ಮೇಲೆ ನೋಡಿದರೆ ಅದು ಪರೀಕ್ಷೆಯಲ್ಲ, ತಿಥಿ.

ಚಿಪ್ ಹಾಕುವವರು ನೆನಪಿಡಬೇಕಾದದ್ದು ಕ್ರಮ. ಬಣ್ಣದಚ್ಚಿನ ಹೀಟ್ ಪ್ರೆಸ್ ಸುಮಾರು 200 ಡಿಗ್ರಿ ಕಾಯುತ್ತದೆ. ಅದು ಮುಗಿದ ಮೇಲೆಯೇ ಚಿಪ್ಪನ್ನು ಅಂಚಿನ ಮಡಿಕೆಯೊಳಗೆ ಹೊಲಿಯಬೇಕು. ಸ್ಟಿಕ್ಕರ್ ಥರದ್ದು ಬೇಡ, ಹಿಂಡುವಾಗ ಅದರ ಆಂಟೆನಾ ಬಿರುಕು ಬಿಡುತ್ತದೆ. ಲಾಂಡ್ರಿಗೆಂದೇ ಮಾಡಿದ ಗುಂಡಿಯಂಥ ಚಿಪ್ ತನ್ನಿ. ಅದು ವಾಷಿಂಗ್ ಮಷೀನನ್ನು ತಡೆಯುತ್ತದೆ. ಒಗೆಯುವ ಕಲ್ಲನ್ನು ತಡೆಯುತ್ತದೆ ಎಂದು ಯಾವ ಡೇಟಾಶೀಟಿನಲ್ಲೂ ಬರೆದಿರುವುದಿಲ್ಲ.

ಚಿಪ್ಪಿನಲ್ಲಿ ವೆಬ್ ವಿಳಾಸ ಬರೆದ ಮೇಲೆ ಲಾಕ್ ಮಾಡುವುದನ್ನು ಮರೆಯುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಎನ್‌ಟ್ಯಾಗ್ 213ರಂಥ ಚಿಪ್ಪಿನಲ್ಲಿ ಬರೆಯಲು ಸಿಗುವುದು 144 ಬೈಟ್ ಮಾತ್ರ, ಆದರೆ ಲಾಕ್ ಇಲ್ಲದಿದ್ದರೆ ಉಚಿತ ಆ್ಯಪ್ ಇರುವ ಯಾರು ಬೇಕಾದರೂ ತಿದ್ದಬಹುದು. ಎದುರಾಳಿ ತಂಡದ ಅಭಿಮಾನಿ ಬಸ್ಸಿನ ನೂಕುನುಗ್ಗಲಿನಲ್ಲಿ ಪಕ್ಕ ನಿಂತರೆ ಸಾಕು, ಇಳಿಯುವಷ್ಟರಲ್ಲಿ ನಿಮ್ಮ ಸೊಂಟ ಅವರ ತಂಡದ ಹಾಡು ಹಾಡುತ್ತಿರುತ್ತದೆ.

ಲಾಕ್ ಮಾಡಿದರೆ ವಿಳಾಸ ಮತ್ತೆ ಬದಲಾಗದು. ಅದಕ್ಕೇ ಚಿಪ್ಪಿನಲ್ಲಿ ನಿಮ್ಮದೇ ಡೊಮೈನಿನ ಗಿಡ್ಡ ವಿಳಾಸವಿಟ್ಟು, ಅದು ಎಲ್ಲಿಗೆ ಕರೆದೊಯ್ಯಬೇಕೆಂಬುದನ್ನು ಸರ್ವರಿನಲ್ಲಿ ಬದಲಿಸುತ್ತಿರಬೇಕು. ಡೊಮೈನಿನ ಬಾಡಿಗೆ ವರ್ಷವರ್ಷ ಕಟ್ಟಬೇಕು. ಚಿಪ್ ಬರೆದದ್ದನ್ನು 10 ವರ್ಷ ಇಟ್ಟುಕೊಳ್ಳುತ್ತದೆ, ಜೆರ್ಸಿ ಅಷ್ಟು ದಿನ ಮೈಮೇಲೆ ಇರುವುದಿಲ್ಲ. ಮೂರನೇ ವರ್ಷಕ್ಕೆ ಅದು ಸ್ಕೂಟರ್ ಒರೆಸುವ ಬಟ್ಟೆ. ಸೀಟಿನ ಮೇಲೆ ಫೋನಿಟ್ಟು ಒರೆಸುತ್ತಿದ್ದರೆ, ‘ಇಂದಿನ ಪಂದ್ಯ ಸಂಜೆ 7.30ಕ್ಕೆ’ ಎಂದು ಅದು ಈಗಲೂ ಕರೆಯುತ್ತಿರುತ್ತದೆ.